ಕಲೋಡನ್ ನೋಡಲು ಬರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ನಾನು ಮಂಡ್ಯ ಕಡೆಯವನು. ಹನ್ನೊಂದು ವರ್ಷದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿದ್ದೇನೆ. ಊರಿಂದ, ಲಂಡನ್ನಿನಿಂದ, ದುಬೈಯಿಂದ ನಮ್ಮವರು ಯಾರೇ ಬಂದರೂ ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ. ಮೊದಲ ದಿನ ಲಾಕ್ ನೆಸ್. ಎರಡನೇ ದಿನ ಬೆಳಿಗ್ಗೆ ಕಲೋಡನ್ ಬಯಲು, 1746ರ ಕಾಳಗ ನಡೆದ ಜಾಗ. ಅಲ್ಲಿ ಮುಕ್ಕಾಲು ಗಂಟೆ. ಕಲ್ಲುಗಳ ಮುಂದೆ ಫೋಟೊ, ಒಂದು ಕಾಫಿ, ಮತ್ತೆ ಕಾರು.

ಕಳೆದ ತಿಂಗಳು ಬಂದಿದ್ದ ಒಬ್ಬರು ಆ ಬಯಲಲ್ಲಿ ನಿಂತು ಮನೆಗೆ ವಿಡಿಯೊ ಕಾಲ್ ಮಾಡಿದರು. “ನೋಡಿ, ಇಂಗ್ಲಿಷರು ಸ್ಕಾಟ್ಲೆಂಡಿನವರನ್ನು ಸೋಲಿಸಿದ ಜಾಗ. ಒಂದು ಗಂಟೆಯಲ್ಲಿ ಎಲ್ಲ ಮುಗಿದುಹೋಯ್ತಂತೆ” ಅಂದರು. ಅವರ ಮೇಲೆ ನನಗೆ ಕೋಪವಿಲ್ಲ. ಮೊದಲ ಸಲ ಅಲ್ಲಿಗೆ ಹೋದಾಗ ನಾನೂ ಅದನ್ನೇ ಹೇಳಿದ್ದೆ. ಆದರೆ ಆ ಎರಡು ಮಾತೂ ತಪ್ಪು. ಅವತ್ತು ಕಾರು ಓಡಿಸಿಕೊಂಡು ಬರುವಾಗ ಹೇಳಬೇಕು ಅನಿಸಿತು, ಹೇಳಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಬರುವವರು ಓದಿಕೊಂಡು ಬನ್ನಿ.

ಮೊದಲು ಇಂಗ್ಲಿಷರ ಮಾತು. 1688ರಲ್ಲಿ ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್, 1745ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಬಂದಿಳಿದ. ತಂದೆಗೆ ಕಿರೀಟ ವಾಪಸ್ ಕೊಡಿಸಬೇಕು ಅನ್ನುವುದು ಅವನ ಹಟ. ಅವನ ಜೊತೆ ಎದ್ದವರನ್ನು ಜ್ಯಾಕೊಬೈಟರು ಎನ್ನುತ್ತಾರೆ. ಎಡಿನ್‌ಬರೊ ಹಿಡಿದರು, ಇಂಗ್ಲೆಂಡಿನೊಳಗೆ ಡರ್ಬಿ ಊರಿನವರೆಗೂ ಹೋದರು, ಅಲ್ಲಿಂದ ಹಿಂದಿರುಗಿದರು. 1746ರ ಏಪ್ರಿಲ್ 16ರಂದು ಕಲೋಡನ್‌ನಲ್ಲಿ ಸೋತರು. ಅವರನ್ನು ಸೋಲಿಸಿದ ಸರ್ಕಾರಿ ಸೈನ್ಯದಲ್ಲಿ ಸ್ಕಾಟ್ಲೆಂಡಿನವರೇ ಆದ ಪಡೆಗಳಿದ್ದವು. ಕ್ಯಾಂಪ್‌ಬೆಲ್ ಕುಲದವರಿದ್ದರು. ಕಿಲ್ಮಾರ್ನಕ್‌ನ ಅರ್ಲ್, ಅಂದರೆ ಅಲ್ಲಿನ ಸಾಮಂತ, ರಾಜಕುಮಾರನ ಕಡೆ; ಅವನ ಮಗ ಸರ್ಕಾರದ ಕಡೆ. ಒಂದೇ ಬಯಲಲ್ಲಿ ಅಪ್ಪ ಮಗ ಎದುರುಬದುರು. ಅಪ್ಪ ಸೆರೆ ಸಿಕ್ಕ. ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಅವನ ತಲೆ ಕಡಿದರು. ನೀವು ಫೋಟೊ ತೆಗೆಸಿಕೊಳ್ಳುವ, ಕುಲಗಳ ಹೆಸರಿರುವ ಕಲ್ಲುಗಳನ್ನು ನಿಲ್ಲಿಸಿದ್ದು 1881ರಲ್ಲಿ. ಅಲ್ಲೇ ಇನ್ನೊಂದು ಕಲ್ಲಿದೆ, ‘ಇಂಗ್ಲಿಷರ ಹೊಲ’ ಎಂದು. ಸರ್ಕಾರದ ಕಡೆ ಸತ್ತ ಸ್ಕಾಟರ ನೆನಪು ಆ ಕಲ್ಲಿನಲ್ಲಿ ಇಲ್ಲ.

ಇನ್ನು ‘ಮುಗಿದುಹೋಯ್ತು’ ಅನ್ನುವುದು. ಕಾಳಗ ಒಂದು ಗಂಟೆಯೊಳಗೆ ಮುಗಿದದ್ದು ನಿಜ. ಅದರ ಬಿಲ್ ಬಂದದ್ದು ಮುಂದಿನ ನಲವತ್ತು ವರ್ಷ. ಅದನ್ನು ಕಟ್ಟಿದವರು ಬರೀ ಸೋತವರಲ್ಲ. ಕೋರ್ಟು, ಪುರಸಭೆ, ಶಾಲೆ, ಚರ್ಚು, ಜಮೀನು, ಮೈಮೇಲಿನ ಬಟ್ಟೆ, ಒಂದೊಂದಾಗಿ ಎಲ್ಲದರ ಮೇಲೂ ಕೈ ಬಿತ್ತು. ನಾನು ನಿಮಗೆ ತೋರಿಸಬೇಕೆಂದಿರುವುದು ಅದನ್ನು.

ನಮ್ಮ ಇನ್ವರ್ನೆಸ್‌ನಿಂದಲೇ ಶುರು ಮಾಡುತ್ತೇನೆ. ಕಲೋಡನ್‌ನಿಂದ ಐದಾರು ಮೈಲಿ ಅಷ್ಟೇ. ಗೆದ್ದ ಸೈನ್ಯ ಊರಿಗೆ ಬಂತು. ಸೆರೆಯಾದವರನ್ನು ಚರ್ಚಿನಲ್ಲಿ, ಜೈಲಿನಲ್ಲಿ, ಹಡಗುಗಳಲ್ಲಿ ತುಂಬಿದರು. ಊರಿನ ಹಿಂದಿನ ಪ್ರೊವೋಸ್ಟ್ ಜಾನ್ ಹಾಸಕ್ ಅಲ್ಲಿದ್ದ. ಪ್ರೊವೋಸ್ಟ್ ಅಂದರೆ ನಮ್ಮ ಪುರಸಭೆ ಅಧ್ಯಕ್ಷ ಇದ್ದ ಹಾಗೆ. ಅವನು ದಂಗೆಕೋರನಲ್ಲ, ಸರ್ಕಾರಕ್ಕೆ ನಿಷ್ಠನಾಗಿದ್ದವನು. ಸೇನಾಧಿಕಾರಿಗಳನ್ನು ಕಂಡು, ನ್ಯಾಯದ ಜೊತೆ ಸ್ವಲ್ಪ ಕರುಣೆಯನ್ನೂ ಬೆರೆಸಿ ಎಂದು ಕೇಳಿಕೊಂಡ. ಅವನನ್ನು ಒದ್ದು ಮೆಟ್ಟಿಲಿಂದ ಕೆಳಗೆ ಉರುಳಿಸಿದರು. ಆಗಿನ ಪ್ರೊವೋಸ್ಟ್ ಫ್ರೇಸರ್ ಎಂಬುವವನಿಗೆ ಕುದುರೆ ಲಾಯ ತೊಳೆಯಲು ಅಪ್ಪಣೆಯಾಯಿತು. ಆ ಕಾಲದವರೇ ಹೇಳಿ ಬರೆಸಿದ ನೆನಪುಗಳಲ್ಲಿ ಇದೆಲ್ಲ ಉಳಿದಿದೆ. ಸರ್ಕಾರದ ಪರ ಇದ್ದ ಊರಿನ ದೊಡ್ಡವನಿಗೇ ಈ ಗತಿ. ಬಡವನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಕಲೋಡನ್ ಮನೆಯ ಯಜಮಾನ ಡಂಕನ್ ಫೋರ್ಬ್ಸ್‌ನ ಕಥೆ ನನಗೆ ಇನ್ನೂ ಜಾಸ್ತಿ ನೋವು ಕೊಡುತ್ತದೆ. ಅವನು ಸ್ಕಾಟ್ಲೆಂಡಿನ ಅತಿ ದೊಡ್ಡ ಸಿವಿಲ್ ನ್ಯಾಯಾಲಯದ ಮುಖ್ಯಸ್ಥ. ದಂಗೆ ಎದ್ದಾಗ ಉತ್ತರಕ್ಕೆ ಬಂದು, ಕುಲದ ನಾಯಕರಿಗೆ ಪತ್ರ ಬರೆದು ಬರೆದು, ಕೈಯಿಂದ ದುಡ್ಡು ಹಾಕಿ, ಎಷ್ಟೋ ಜನ ದಂಗೆಗೆ ಸೇರದ ಹಾಗೆ ತಡೆದ. ಸ್ಕೈ ದ್ವೀಪದ ದೊಡ್ಡ ನಾಯಕರು ಮನೆಯಲ್ಲೇ ಉಳಿದದ್ದರಲ್ಲಿ ಅವನ ಪಾಲು ದೊಡ್ಡದು. ಸರ್ಕಾರಕ್ಕೆ ಅವನಿಂದ ಆದ ಉಪಕಾರ ಒಂದು ದಂಡಿಗೆ ಸಮ. ಯುದ್ಧ ಮುಗಿದ ಮೇಲೆ ಅವನು ಕೇಳಿದ್ದು ಒಂದೇ: ಕಾನೂನಿನ ಪ್ರಕಾರ ನಡೆದುಕೊಳ್ಳಿ, ದಯೆ ಇರಲಿ. ಸರ್ಕಾರಿ ಸೇನೆಯ ಮುಖ್ಯಸ್ಥ, ರಾಜನ ಮಗ ಕಂಬರ್ಲೆಂಡ್ ಡ್ಯೂಕ್ ಅವನನ್ನು ‘ನನಗೆ ಮಾನವೀಯತೆ ಹೇಳಲು ಬಂದ ಮುದುಕಿ’ ಎಂದು ಕರೆದನಂತೆ. ಫೋರ್ಬ್ಸ್ ಹಾಕಿದ ದುಡ್ಡು ವಾಪಸ್ ಬರಲಿಲ್ಲ. 1747ರ ಡಿಸೆಂಬರ್‌ನಲ್ಲಿ ತೀರಿಕೊಂಡ.

ಅದೇ ಕಂಬರ್ಲೆಂಡ್‌ನನ್ನು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ 1746ರಲ್ಲೇ ತನ್ನ ಕುಲಪತಿ ಮಾಡಿಕೊಂಡಿತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಆಮೇಲೆ ನಿಧಾನವಾಗಿ ಅರ್ಥವಾಯಿತು. ಭಯ ಇತ್ತು, ಅದು ನಿಜ. ಆದರೆ ನಿಜವಾದ ಸಂತೋಷವೂ ಇತ್ತು. ದಕ್ಷಿಣದ ಊರುಗಳಲ್ಲಿ ಜ್ಯಾಕೊಬೈಟರಿಗೆ ಹೆದರಿ ಬದುಕಿದ ಜನರಿದ್ದರು. ಗ್ಲಾಸ್ಗೊದಿಂದ ದಂಗೆಯ ಸೈನ್ಯ ದುಡ್ಡು, ಬಟ್ಟೆ, ಬೂಟು ಎಲ್ಲ ಕಿತ್ತುಕೊಂಡು ಹೋಗಿತ್ತು. ಆ ನಷ್ಟಕ್ಕೆ 1749ರಲ್ಲಿ ಪಾರ್ಲಿಮೆಂಟ್ 10,000 ಪೌಂಡ್ ಕೊಟ್ಟಿತು. ಒಂದು ದೇಶ ಎರಡು ಮನಸ್ಸಾಗಿ ಒಡೆದಿತ್ತು.

ಎಡಿನ್‌ಬರೊದಲ್ಲಿ 1746ರ ಜೂನ್ 4ರಂದು ದಂಗೆಕೋರರಿಂದ ಕಿತ್ತುಕೊಂಡ ಬಾವುಟಗಳ ಮೆರವಣಿಗೆ ನಡೆಯಿತು. ರಾಜಕುಮಾರನ ಬಾವುಟವನ್ನು ಊರಿನ ಗಲ್ಲಿಗೇರಿಸುವವನ ಕೈಯಲ್ಲಿ ಹೊರಿಸಿದರು. ಕುಲದ ಬಾವುಟಗಳನ್ನು ಚಿಮಣಿ ಗುಡಿಸುವವರ ಕೈಯಲ್ಲಿ. ಪೇಟೆಯ ನಡುವೆ ಒಂದೊಂದನ್ನೂ ಹೆಸರು ಕೂಗಿ ಸುಟ್ಟರು. ಆ ನಗರಕ್ಕೆ ಆಗ ಸರಿಯಾದ ಪುರಸಭೆಯೂ ಇರಲಿಲ್ಲ. ದಂಗೆಕೋರರು ಊರು ಹಿಡಿದಿದ್ದರಿಂದ 1745ರ ಚುನಾವಣೆ ನಡೆದಿರಲಿಲ್ಲ. ಊರನ್ನು ಸುಲಭವಾಗಿ ಬಿಟ್ಟುಕೊಟ್ಟ ಎಂದು ಹಳೆಯ ಪ್ರೊವೋಸ್ಟ್ ಆರ್ಚಿಬಾಲ್ಡ್ ಸ್ಟುವರ್ಟ್‌ನನ್ನು ಹಿಡಿದು ಲಂಡನ್ನಿನ ಟವರ್‌ನಲ್ಲಿಟ್ಟರು. 1747ರಲ್ಲಿ ಎಡಿನ್‌ಬರೊದಲ್ಲಿ ವಿಚಾರಣೆ ನಡೆಯಿತು. ಕೋಟೆ ಗೋಡೆ ಎಷ್ಟು ಹಾಳಾಗಿತ್ತು, ಕಾಯಲು ಜನ ಎಷ್ಟಿದ್ದರು, ಯಾವ ಗಂಟೆಯಲ್ಲಿ ಏನಾಯಿತು, ಎಲ್ಲವನ್ನೂ ಕೆದಕಿದರು. ಕೊನೆಗೆ ಜ್ಯೂರಿ ಒಮ್ಮತದಿಂದ ನಿರ್ದೋಷಿ ಎಂದಿತು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಅವನ ಪರವಾಗಿ ಒಂದು ಕಿರುಹೊತ್ತಗೆಯನ್ನೇ ಬರೆದ. ಆ ಸೇಡಿನ ದಿನಗಳ ನಡುವೆ ಸ್ಕಾಟ್ಲೆಂಡಿನ ಒಂದು ಜ್ಯೂರಿ ತಲೆ ತಣ್ಣಗಿಟ್ಟುಕೊಂಡು ಕೆಲಸ ಮಾಡಿತು. ಈ ಒಂದು ಸಂಗತಿಗೆ ನನಗೆ ಆ ಊರಿನ ಮೇಲೆ ಗೌರವ.

ಉಳಿದವರಿಗೆ ಅಂಥ ಜ್ಯೂರಿ ಸಿಗಲಿಲ್ಲ. ಸರ್ಕಾರ ದಂಗೆಯ ಕೈದಿಗಳ ವಿಚಾರಣೆಯನ್ನೇ ಸ್ಕಾಟ್ಲೆಂಡಿನಿಂದ ಹೊರಗೆ ಒಯ್ದಿತು. ಕಾರ್ಲೈಲ್, ಯಾರ್ಕ್, ಲಂಡನ್. ಸೆರೆಯಾದವರ ಪಟ್ಟಿಯಲ್ಲಿ 3,471 ಜನ. ಸಾಮಾನ್ಯ ಕೈದಿಗಳಲ್ಲಿ ಚೀಟಿ ಎತ್ತಿಸಿದರು. ಇಪ್ಪತ್ತರಲ್ಲಿ ಒಬ್ಬನಿಗೆ ವಿಚಾರಣೆ, ಉಳಿದ ಹತ್ತೊಂಬತ್ತು ಜನ ದೇಶಾಂತರಕ್ಕೆ ಒಪ್ಪಿಕೊಂಡು ಹಡಗು ಹತ್ತಬೇಕು. ಸುಮಾರು 120 ಜನರನ್ನು ಕೊಂದರು. 936 ಜನರನ್ನು ಸಮುದ್ರದಾಚೆಯ ತೋಟಗಳಿಗೆ ಸಾಗಿಸಿದರು. ನೂರಾರು ಜನ ಏನಾದರು ಎಂಬುದಕ್ಕೆ ಕಾಗದದಲ್ಲಿ ಗುರುತೇ ಇಲ್ಲ. ಜೀವ ಚೀಟಿಯ ಮೇಲೆ ನಿಂತಿತ್ತು. ಬೇರೆ ಏನು ಹೇಳಲಿ?

ಈಗ ಎಲ್ಲರಿಗೂ ಗೊತ್ತಿರುವ ವಿಷಯ, ಬಟ್ಟೆ. 1746ರ ಕಾನೂನು ಆಯುಧ ಒಪ್ಪಿಸಿ ಎಂದಿತು. ಹಾಗೆಯೇ 1747ರ ಆಗಸ್ಟ್ 1ರಿಂದ ಗಂಡಸರು, ಹುಡುಗರು ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ, ಉಡುಪು ಹಾಕಬಾರದು ಎಂದಿತು. ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಕಿಲ್ಟ್ ಇಲ್ಲ, ಹೆಗಲ ಮೇಲಿನ ಪ್ಲ್ಯಾಡ್ ಇಲ್ಲ, ಮೇಲಂಗಿಗೆ ಚೌಕಳಿಯ ಟಾರ್ಟನ್ ಬಟ್ಟೆ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು. ಎರಡನೇ ಸಲ ಏಳು ವರ್ಷ ದೇಶಾಂತರ. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಪ್ಲ್ಯಾಡ್ ಅಂದರೆ ಬರೀ ಅಲಂಕಾರ ಅಂದುಕೊಳ್ಳಬೇಡಿ. ನಮ್ಮ ಕಡೆ ಕುರಿ ಕಾಯುವವರ ಕಂಬಳಿ ಇದೆಯಲ್ಲ, ಹಾಗೆ. ಮಳೆಯಲ್ಲಿ ಗುಡ್ಡ ಹತ್ತುವಾಗ ಮೈಗೆ, ರಾತ್ರಿ ಹಾಸಿಗೆಗೆ, ಎಲ್ಲಕ್ಕೂ ಅದೇ. ನಿಷ್ಠೆಯಿಂದ ಇದ್ದ ಕುಲಗಳಿಗೂ ಸೇರಿಸಿ ಇಡೀ ಹೈಲ್ಯಾಂಡಿಗೆ ಈ ಶಿಕ್ಷೆ ಯಾಕೆ ಎಂದು ಡಂಕನ್ ಫೋರ್ಬ್ಸ್ ಆಗಲೇ ಬರೆದಿದ್ದ. ಯಾರೂ ಕೇಳಲಿಲ್ಲ.

ಡಂಕನ್ ಬಾನ್ ಮ್ಯಾಕಿಂಟೈರ್ ಎಂಬ ಕವಿಯನ್ನು ಇಲ್ಲಿ ನೆನೆಯಬೇಕು. ಓದು ಬರಹ ಬಾರದವನು. ಪದ ಕಟ್ಟಿ ಬಾಯಲ್ಲೇ ಇಟ್ಟುಕೊಂಡವನು, ನಮ್ಮ ಜನಪದ ಹಾಡುಗಾರರ ಹಾಗೆ. 1746ರ ಜನವರಿಯಲ್ಲಿ ಫಾಲ್ಕರ್ಕ್ ಕಾಳಗದಲ್ಲಿ ಅವನು ಸರ್ಕಾರದ ಕಡೆ ನಿಂತು ಹೋರಾಡಿದ್ದ. ಅವನ ಮೈಮೇಲಿನ ಕಿಲ್ಟನ್ನೂ ಕಾನೂನು ಬಿಚ್ಚಿಸಿತು. ಪ್ಯಾಂಟು ಹಾಕಿಕೊಂಡು ನಡೆಯುವ ಅವಮಾನವನ್ನು ಅವನು ತನ್ನ ಹೈಲ್ಯಾಂಡಿನ ಮಾತಾದ ಗೇಲಿಕ್‌ನಲ್ಲಿ ಹಾಡಿದ. ನಮ್ಮ ಕಡೆ ಇದ್ದವರನ್ನೂ ಎದುರಿಗಿದ್ದವರನ್ನೂ ಒಂದೇ ಮಾಡಿಬಿಟ್ಟಿರಲ್ಲ ಎಂದು ಕೇಳಿದ. ನಿಷ್ಠರನ್ನು ಕಳೆದುಕೊಳ್ಳಲು ಇದಕ್ಕಿಂತ ಸುಲಭ ದಾರಿ ಇಲ್ಲ. ಕಾನೂನು ರದ್ದಾದದ್ದು 1782ರ ಜುಲೈ 1ಕ್ಕೆ. ಮೂವತ್ತೈದು ವರ್ಷ. ನಿಷೇಧ ಬಂದಾಗ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಈಗ ನಲವತ್ತೈದಾಗಿತ್ತು. ಅಷ್ಟು ಹೊತ್ತಿಗೆ ಬಡವರಿಗೆ ಪ್ಯಾಂಟು ರೂಢಿಯಾಗಿತ್ತು. ಕಿಲ್ಟ್ ಶ್ರೀಮಂತರ ಹಬ್ಬದ ಬಟ್ಟೆಯಾಗುವ ದಾರಿ ಹಿಡಿದಿತ್ತು. ನೀವು ಅಂಗಡಿಯಲ್ಲಿ ಕೊಳ್ಳುವ ಟಾರ್ಟನ್ ಮಫ್ಲರ್ ಈ ದಾರಿಯಲ್ಲೇ ಬಂದದ್ದು.

ಆಯುಧ ಒಪ್ಪಿಸಿ ಎನ್ನುವ ಆಜ್ಞೆ ನಮಗೆ ಹೊಸದೇನಲ್ಲ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿ ಬೇಡರಿಗೆ ಬಂದದ್ದೂ ಅದೇ ಆಜ್ಞೆ. ಅವರು ಒಪ್ಪಲಿಲ್ಲ. ಗಲ್ಲಿಗೇರಿದರು. ಲಾವಣಿ ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಹೈಲ್ಯಾಂಡಿನ ಈ ನೋವನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ಒಂದು ಎಚ್ಚರ. ಇಲ್ಲಿನ ಬಸ್ಸುಗಳಲ್ಲಿ, ಪೋಸ್ಟರುಗಳಲ್ಲಿ, ಗೇಲಿಕ್ ಭಾಷೆಯನ್ನೂ ಬ್ಯಾಗ್‌ಪೈಪ್ ವಾದ್ಯವನ್ನೂ ಆ ಕಾನೂನು ನಿಷೇಧಿಸಿತು ಎಂದು ಕೇಳುತ್ತೀರಿ. ಕಾನೂನಿನಲ್ಲಿ ಹಾಗೆ ಬರೆದಿಲ್ಲ. ಜೇಮ್ಸ್ ರೀಡ್ ಎಂಬ ಪೈಪ್ ವಾದಕನನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದ್ದು ನಿಜ. ನಾನು ಕತ್ತಿ ಹಿಡಿಯಲಿಲ್ಲ, ಬರೀ ಪೈಪ್ ಊದಿದೆ ಎಂದು ಅವನು ಹೇಳಿಕೊಂಡ. ಹೈಲ್ಯಾಂಡಿನ ಪಡೆ ಪೈಪ್ ಇಲ್ಲದೆ ಹೊರಡುವುದಿಲ್ಲ, ಹಾಗಾಗಿ ಅದೂ ಆಯುಧವೇ ಎಂದು ಕೋರ್ಟು ಹೇಳಿತು. ಅದು ಒಬ್ಬನ ಮೊಕದ್ದಮೆ, ದೇಶಕ್ಕೆಲ್ಲ ಕಾನೂನಲ್ಲ. ಗೇಲಿಕ್ ಕಥೆಯೂ ಹಾಗೇ. ರಾಜಕುಮಾರನಿಗೆ ಗೇಲಿಕ್ ಕಲಿಸಿದ, ಅವನ ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದ ಕವಿ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ 1751ರಲ್ಲಿ ತನ್ನ ಗೇಲಿಕ್ ಪದ್ಯಗಳನ್ನು ಎಡಿನ್‌ಬರೊದಲ್ಲೇ ಅಚ್ಚು ಹಾಕಿಸಿದ. ಅನ್ಯಾಯ ಇದ್ದದ್ದೇ ಬೇಕಾದಷ್ಟು ಇದೆ. ಇಲ್ಲದ್ದನ್ನು ಸೇರಿಸಿದರೆ ಇದ್ದದ್ದನ್ನೂ ಜನ ನಂಬುವುದಿಲ್ಲ.

ಯಾರೂ ಹೇಳದ ಒಂದು ಸಂಗತಿ ಅದೇ ಕಾನೂನಿನಲ್ಲಿದೆ. ಖಾಸಗಿ ಶಾಲೆಯ ಮೇಷ್ಟ್ರುಗಳು, ಮನೆಪಾಠದವರು ಸರ್ಕಾರಕ್ಕೆ ಪ್ರಮಾಣ ಮಾಡಿ ಹೆಸರು ದಾಖಲಿಸಬೇಕು. ಶಾಲೆಯಲ್ಲಿ ಪ್ರಾರ್ಥನೆ ನಡೆದಾಗಲೆಲ್ಲ ರಾಜನ ಹೆಸರೆತ್ತಿ ಅವನಿಗಾಗಿ ಪ್ರಾರ್ಥಿಸಬೇಕು. ಗೊಣಗಿ ದಾಟಿಸುವಂತಿಲ್ಲ. ಕತ್ತಿ ಕಿತ್ತುಕೊಳ್ಳುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಮಕ್ಕಳ ಪ್ರಾರ್ಥನೆಯೊಳಗೆ ಕೈ ಹಾಕುವುದು ಬೇರೆಯೇ ಮಾತು, ಅಲ್ವಾ?

ಚರ್ಚಿನ ಮೇಲೂ ಹಾಗೇ. ಇಲ್ಲಿನ ಎಪಿಸ್ಕೋಪಲ್ ಚರ್ಚಿನ, ಅಂದರೆ ಬಿಷಪ್ಪರ ಆಡಳಿತವಿರುವ ಚರ್ಚಿನ, ಬಹಳಷ್ಟು ಪಾದ್ರಿಗಳು ಹಳೆಯ ರಾಜವಂಶದ ಪರ ಇದ್ದರು. ಪ್ರಮಾಣ ಮಾಡದ ಪಾದ್ರಿ ಮನೆಯವರನ್ನು ಬಿಟ್ಟು ನಾಲ್ಕಕ್ಕಿಂತ ಹೆಚ್ಚು ಜನರಿಗೆ ಪೂಜೆ ನಡೆಸಿದರೆ ಜೈಲು. ಮತ್ತೆ ಮಾಡಿದರೆ ಅಮೆರಿಕದ ತೋಟಗಳಿಗೆ. ಹೋಗಿ ಕೂತ ಜನರಿಗೆ ಮತದಾನದ ಹಕ್ಕಿಲ್ಲ, ಸರ್ಕಾರಿ ಹುದ್ದೆ ಇಲ್ಲ. 1748ರ ಚಳಿಗಾಲದಲ್ಲಿ ಪೂರ್ವ ಕರಾವಳಿಯ ಸ್ಟೋನ್‌ಹೇವನ್ ಊರಿನ ಜೈಲಿನಲ್ಲಿ ಮೂವರು ಪಾದ್ರಿಗಳಿದ್ದರು. ಮೀನುಗಾರರ ಹೆಂಗಸರು ಹುಟ್ಟಿದ ಕೂಸುಗಳನ್ನು ಮೀನಿನ ಬುಟ್ಟಿಯಲ್ಲಿಟ್ಟು, ಬೆನ್ನ ಮೇಲೆ ಹೊತ್ತು, ಕಡಲ ದಂಡೆ ಹಿಡಿದು ಬರುತ್ತಿದ್ದರು. ಜೈಲಿನ ಕಿಟಕಿಯ ಬಳಿ ಮಗುವನ್ನು ಎತ್ತಿ ಹಿಡಿಯುವುದು, ಒಳಗಿಂದ ಪಾದ್ರಿ ಕೈ ಚಾಚಿ ನೀರು ಹಾಕುವುದು. ಆ ಜೈಲು ಈಗಲೂ ಬಂದರಿನ ಪಕ್ಕದಲ್ಲಿದೆ, ಪುಟ್ಟ ಮ್ಯೂಸಿಯಂ ಆಗಿದೆ. ನಾನು ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಆ ಗೋಡೆಯ ದಪ್ಪ ನೋಡಿ ಅವಳು ಕೇಳಿದಳು, “ಪಾಪುಗೆ ಚಳಿ ಆಗ್ಲಿಲ್ವಾ?” ಆ ಕಾನೂನುಗಳು ತೊಲಗಿದ್ದು 1792ರಲ್ಲಿ.

ಎಲ್ಲವೂ ಕೆಟ್ಟದ್ದೇ ಆಯಿತು ಎಂದು ನಾನು ಹೇಳಿದರೆ ಅದು ಮೋಸ. ಅಲ್ಲಿಯವರೆಗೆ ಸ್ಕಾಟ್ಲೆಂಡಿನ ಎಷ್ಟೋ ಕಡೆ ನ್ಯಾಯ ಹೇಳುವ ಅಧಿಕಾರ ಜಮೀನ್ದಾರನ ಮನೆತನದ ಆಸ್ತಿಯಾಗಿತ್ತು. ಅಪ್ಪನಿಂದ ಮಗನಿಗೆ ಬರುತ್ತಿತ್ತು. ನಿಮ್ಮ ಮೇಲೆ ದೂರು ಕೊಡುವವನೂ ಒಡೆಯ, ತೀರ್ಪು ಹೇಳುವವನೂ ಒಡೆಯ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಸೇರಿಸಿದ 1707ರ ಒಕ್ಕೂಟದ ಒಪ್ಪಂದ ಈ ಹಕ್ಕನ್ನು ಕಾಪಾಡುತ್ತೇವೆ ಎಂದು ಮಾತು ಕೊಟ್ಟಿತ್ತು. ದಂಗೆಯ ನಂತರ ಪಾರ್ಲಿಮೆಂಟ್ ಆ ಮಾತು ಮುರಿದು, 1748ರ ಮಾರ್ಚ್ 25ರಿಂದ ಈ ಹಕ್ಕನ್ನು ಕಿತ್ತುಹಾಕಿತು. ಕಾನೂನು ಓದಿದವರನ್ನು ಸ್ಥಳೀಯ ನ್ಯಾಯಾಧೀಶರನ್ನಾಗಿ, ಅಂದರೆ ಶೆರಿಫ್‌ಗಳಾಗಿ ರಾಜನೇ ನೇಮಿಸಿದ. ಇವತ್ತಿಗೂ ಇಲ್ಲಿನ ಜನ ಜಗಳಕ್ಕೆ ಹೋಗುವುದು ಶೆರಿಫ್ ಕೋರ್ಟಿಗೆ. ಬಡ ಗೇಣಿದಾರನ ಕಣ್ಣಿಂದ ನೋಡಿದರೆ ಇದು ಒಳ್ಳೆಯ ಕೆಲಸ. ನಾನು ಅದನ್ನು ಮನಸ್ಸಿಟ್ಟು ಹೇಳುತ್ತೇನೆ.

ಹಕ್ಕು ಬಿಟ್ಟುಕೊಟ್ಟವರಿಗೆ ಸುಮಾರು 1,52,000 ಪೌಂಡ್ ಪರಿಹಾರ ಸಿಕ್ಕಿತು. ಅದರಲ್ಲಿ ಆರ್ಗೈಲ್ ಡ್ಯೂಕ್ ಒಬ್ಬನಿಗೇ 21,000. ಈ ಹೆಸರು ನೆನಪಿಟ್ಟುಕೊಳ್ಳಿ.

1752ರ ಮೇ 14. ಪಶ್ಚಿಮದ ಆ್ಯಪಿನ್ ಸೀಮೆಯ ಕಾಡುದಾರಿ. ಗ್ಲೆನ್ಯೂರ್‌ನ ಕಾಲಿನ್ ಕ್ಯಾಂಪ್‌ಬೆಲ್ ಎಂಬುವವನ ಬೆನ್ನಿಗೆ ಯಾರೋ ಗುಂಡು ಹಾರಿಸಿದರು. ಅವನು ಜಪ್ತಿಯಾದ ಆರ್ಡ್‌ಶೀಲ್ ಜಮೀನಿನ ಸರ್ಕಾರಿ ಮೇಲ್ವಿಚಾರಕ. ಅದರ ಒಡೆಯ ಸ್ಟುವರ್ಟ್ ಫ್ರಾನ್ಸಿಗೆ ಓಡಿಹೋಗಿದ್ದ. ಕೆಲವು ಗೇಣಿದಾರರು ಸರ್ಕಾರಕ್ಕೆ ಒಂದು ಗೇಣಿ ಕೊಟ್ಟು, ಹಳೆಯ ಒಡೆಯನಿಗೂ ಕೈಲಾದಷ್ಟು ಕಳಿಸುತ್ತಿದ್ದರು. ಅಂಥವರನ್ನು ಎಬ್ಬಿಸಲು ಕ್ಯಾಂಪ್‌ಬೆಲ್ ಹೊರಟಿದ್ದ. ಗುಂಡು ಹಾರಿಸಿದ ಎಂದು ಅನುಮಾನಕ್ಕೆ ಸಿಕ್ಕವನು ತಪ್ಪಿಸಿಕೊಂಡ. ಓಡಿಹೋದ ಒಡೆಯನ ಸಂಬಂಧಿ ಜೇಮ್ಸ್ ಸ್ಟುವರ್ಟ್ ಕೈಗೆ ಸಿಕ್ಕ. ವಿಚಾರಣೆ ನಡೆದದ್ದು ಕ್ಯಾಂಪ್‌ಬೆಲ್‌ರ ಊರು ಇನ್ವರಾರಿಯಲ್ಲಿ. ಜ್ಯೂರಿಯ ಹದಿನೈದು ಜನರಲ್ಲಿ ಹನ್ನೊಂದು ಜನ ಕ್ಯಾಂಪ್‌ಬೆಲ್‌ರು. ಮುಖ್ಯ ನ್ಯಾಯಾಧೀಶನ ಪೀಠದಲ್ಲಿ ಕೂತವನು ಆರ್ಗೈಲ್ ಡ್ಯೂಕ್, ಕ್ಯಾಂಪ್‌ಬೆಲ್ ಕುಲದ ನಾಯಕ. ನಾಲ್ಕು ವರ್ಷದ ಹಿಂದೆ ಮನೆತನದ ನ್ಯಾಯಪೀಠಕ್ಕೆ ಬೆಲೆ ತೆಗೆದುಕೊಂಡ ಅದೇ ಮನುಷ್ಯ. ಶಿಕ್ಷೆ ಓದುವಾಗ ಅವನು ಕೊಲೆಯ ಮಾತಿಗಿಂತ ದಂಗೆಯ ಮಾತು ಎತ್ತಿದ. ನೀವು ಗೆದ್ದಿದ್ದರೆ ಇವತ್ತು ನಮಗೆ ತೀರ್ಪು ಹೇಳುತ್ತಿದ್ದಿರಿ ಎಂಬ ಅರ್ಥ ಬರುವ ಹಾಗೆ ಹೇಳಿದ. ನವೆಂಬರ್ 8ಕ್ಕೆ ಬ್ಯಾಲಹೂಲಿಷ್ ದೋಣಿಕಟ್ಟೆಯ ಮೇಲಿನ ದಿಬ್ಬದಲ್ಲಿ ಜೇಮ್ಸ್‌ನನ್ನು ನೇಣು ಹಾಕಿದರು. ಹೆಣ ಇಳಿಸಲು ಬಿಡಲಿಲ್ಲ. ಸೈನಿಕರ ಕಾವಲಿನಲ್ಲಿ ವರ್ಷಗಟ್ಟಲೆ ತೂಗಿಸಿದರು.

ಕಾನೂನು ಬದಲಾಗಿ ಮನಸ್ಸು ಬದಲಾಗದಿದ್ದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ದಿಬ್ಬ ತೋರಿಸುತ್ತೇನೆ. ಈಗ ಅಲ್ಲಿ ಒಂದು ಸ್ಮಾರಕವಿದೆ. ಕೆಳಗೆ ಸೇತುವೆ ಮೇಲೆ ಲಾರಿಗಳು ಓಡುತ್ತವೆ.

ಜಪ್ತಿಯಾದ ಜಮೀನುಗಳ ಕಥೆಯೇ ಒಂದು ದೊಡ್ಡ ಕಥೆ. ಚಿಕ್ಕದಾಗಿ ಹೇಳುತ್ತೇನೆ. ಹದಿಮೂರು ಎಸ್ಟೇಟುಗಳನ್ನು 1752ರ ಕಾನೂನು ಶಾಶ್ವತವಾಗಿ ರಾಜನ ಆಸ್ತಿ ಮಾಡಿತು. ಆದಾಯದಲ್ಲಿ ರಸ್ತೆ, ಸೇತುವೆ, ನೂಲುವ ಶಾಲೆ ನಡೆಸಿ ಹೈಲ್ಯಾಂಡಿನವರನ್ನು ‘ನಾಗರಿಕ’ರನ್ನಾಗಿ ಮಾಡುವ ಉದ್ದೇಶ. ಎಡಿನ್‌ಬರೊದ ಪ್ರಿನ್ಸೆಸ್ ಸ್ಟ್ರೀಟ್ ತುದಿಯಲ್ಲಿ ದೊಡ್ಡ ಗುಮ್ಮಟದ ರಿಜಿಸ್ಟರ್ ಹೌಸ್ ಇದೆ, ನೀವು ರೈಲಿಳಿದ ಕೂಡಲೇ ಕಾಣುತ್ತದೆ. ದೇಶದ ದಾಖಲೆಗಳ ಮನೆ. ಅದನ್ನು ಕಟ್ಟಲು ಕೊಟ್ಟ ಮೊದಲ 12,000 ಪೌಂಡ್ ಜಪ್ತಿ ಜಮೀನುಗಳ ದುಡ್ಡು. ನಮ್ಮೂರಿನ ಹತ್ತಿರ ಫೋರ್ಟ್ ಜಾರ್ಜ್ ಕೋಟೆ ಇದೆ. ಮತ್ತೆ ದಂಗೆಯಾದರೆ ಇರಲಿ ಎಂದು 1748ರಲ್ಲಿ ಶುರು ಮಾಡಿ 1769ರಲ್ಲಿ ಮುಗಿಸಿದರು. ಅದರ ಮೇಲೆ ಇವತ್ತಿನವರೆಗೂ ಯಾರೂ ದಾಳಿ ಮಾಡಿಲ್ಲ.

ಮತ್ತೆ ದಂಗೆ ಏಳಲಿಲ್ಲ, ಏಕೆಂದರೆ ಏಳಬಹುದಾಗಿದ್ದ ಯುವಕರನ್ನು ಸೈನ್ಯಕ್ಕೆ ಸೇರಿಸಿಕೊಂಡರು. ಕಿಲ್ಟ್ ಹಾಕಲು ಉಳಿದಿದ್ದ ಒಂದೇ ಕಾನೂನಿನ ದಾರಿ ಅದು. ಇಲ್ಲಿಂದ ಕಥೆ ನಮ್ಮ ಶ್ರೀರಂಗಪಟ್ಟಣಕ್ಕೆ ಬರುತ್ತದೆ. ಕ್ರೊಮಾರ್ಟಿಯ ಅರ್ಲ್ ಮತ್ತು ಅವನ ಮಗ ಜಾನ್ ಮೆಕೆಂಜಿ ದಂಗೆಯಲ್ಲಿದ್ದರು. ಕಲೋಡನ್ ಕಾಳಗದ ಹಿಂದಿನ ದಿನ ಇಬ್ಬರೂ ಸೆರೆಯಾದರು. ಹುಡುಗನ ಚಿಕ್ಕ ವಯಸ್ಸು ನೋಡಿ ಕ್ಷಮೆ ಸಿಕ್ಕಿತು, ಜಮೀನು ಹೋಯಿತು. ಸ್ವೀಡನ್ನಿಗೆ ಹೋಗಿ ಅಲ್ಲಿಯ ಸೈನ್ಯದಲ್ಲಿ ಮೇಲೆ ಬಂದ. ಮೂವತ್ತು ವರ್ಷ ಕಳೆದು ತಿರುಗಿ ಬಂದು, ಯಾವ ರಾಜನ ವಿರುದ್ಧ ಎದ್ದಿದ್ದನೋ ಅದೇ ರಾಜನ ಮೊಮ್ಮಗನಿಗೆ ಒಂದು ಹೈಲ್ಯಾಂಡ್ ರೆಜಿಮೆಂಟ್ ಕಟ್ಟಿಕೊಟ್ಟ. 73ನೇ ಹೈಲ್ಯಾಂಡರ್ಸ್. 1780ರಲ್ಲಿ ಆ ಪಡೆ ಮದ್ರಾಸಿಗೆ ಬಂತು. ಅದೇ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಒಂದು ದಂಡನ್ನೇ ನುಂಗಿತು. ಆ ದಂಡಿಗೆ ಸೇರಿಸಿ ಕಳಿಸಿದ್ದ 73ನೇ ರೆಜಿಮೆಂಟಿನ ತುಕಡಿಗಳೂ ಅದರಲ್ಲಿದ್ದವು. ಅವರ ಕ್ಯಾಪ್ಟನ್ ಡೇವಿಡ್ ಬೇರ್ಡ್ ಮೂರು ವರ್ಷ ಎಂಟು ತಿಂಗಳು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನೂ ಅವನೇ. ಮೆಕೆಂಜಿಗೆ 1784ರಲ್ಲಿ, ಸುಮಾರು 19,000 ಪೌಂಡ್ ಕಟ್ಟಿದ ಮೇಲೆ, ಅಪ್ಪನ ಜಮೀನು ವಾಪಸ್ ಸಿಕ್ಕಿತು.

ನಾನು ಚಿಕ್ಕವನಿದ್ದಾಗ ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಮುಂದೆ ಎಷ್ಟು ಸಲ ನಿಂತಿಲ್ಲ! ಪೊಲ್ಲಿಲೂರಿನ ಚಿತ್ರ. ಕೆಂಪು ಕೋಟಿನವರು ಸಾಲಾಗಿ ನಿಂತು ಸಾಯುತ್ತಾರೆ. ಅವರೆಲ್ಲ ನನಗೆ ಒಂದೇ ಮುಖದ ‘ಇಂಗ್ಲಿಷರು’. ಅದರಲ್ಲಿ ಎಷ್ಟು ಜನರ ಅಜ್ಜಂದಿರು ಕಲೋಡನ್‌ನಲ್ಲಿ ಎದುರು ಪಕ್ಷದಲ್ಲಿದ್ದರೋ, ಎಷ್ಟು ಜನ ಗೇಲಿಕ್‌ನಲ್ಲಿ ಅವ್ವಾ ಎಂದರೋ. ನಮ್ಮ ನೆಲ ಸುಲಿಯಲು ಬಂದವರ ಮೇಲೆ ಕರುಣೆ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಆ ಗೋಡೆಯನ್ನೂ ಈ ಬಯಲನ್ನೂ ಎರಡನ್ನೂ ನೋಡಿರುವ ಜನ ನಾವು. ಎರಡನ್ನೂ ಸೇರಿಸಿ ಓದುವ ಅವಕಾಶ ನಮಗಿದೆ. ಹಾಗಾಗಿ ಕೇಳುತ್ತಿದ್ದೇನೆ.

ಕೊನೆಯದಾಗಿ ಒಬ್ಬನ ಪರಿಚಯ. ರಾಬರ್ಟ್ ಫೋರ್ಬ್ಸ್, ಎಪಿಸ್ಕೋಪಲ್ ಪಾದ್ರಿ, ಎಡಿನ್‌ಬರೊ ಪಕ್ಕದ ಲೀತ್ ಬಂದರಿನವನು. ರಾಜಕುಮಾರನನ್ನು ಸೇರಲು ಹೊರಟು ದಾರಿಯಲ್ಲೇ ಸಿಕ್ಕಿಬಿದ್ದ. ದಂಗೆ ನಡೆದಷ್ಟೂ ದಿನ ಜೈಲಿನಲ್ಲಿದ್ದ. 1746ರ ಮೇ ಕೊನೆಗೆ ಬಿಡುಗಡೆಯಾಯಿತು. ಹೊರಗೆ ಬಂದವನು ಕತ್ತಿ ಹುಡುಕಲಿಲ್ಲ. ಬದುಕುಳಿದವರನ್ನು ಹುಡುಕಿ, ಕೂರಿಸಿಕೊಂಡು, ಅವರು ಹೇಳಿದ್ದನ್ನು ಬರೆದುಕೊಂಡ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಸರಿಯೋ ತಪ್ಪೋ ನೋಡಿದ. ಹೀಗೆ 1775ರಲ್ಲಿ ಸಾಯುವವರೆಗೂ ಬರೆದ. ಹತ್ತು ಸಂಪುಟ, ಎಲ್ಲಕ್ಕೂ ಕಪ್ಪು ಹೊದಿಕೆ. ರಟ್ಟಿನ ಒಳಗೆ ರಾಜಕುಮಾರನ ಬಟ್ಟೆಯ ಚೂರು, ಅವನು ತಪ್ಪಿಸಿಕೊಂಡ ದೋಣಿಯ ಮರದ ಚೂರು ಅಂಟಿಸಿಟ್ಟಿದ್ದಾನೆ. ಬದುಕಿದ್ದಾಗ ಅಚ್ಚು ಹಾಕಿಸಲಿಲ್ಲ. ನಾನು ಮೊದಲು ಹೇಳಿದ ಪ್ರೊವೋಸ್ಟ್ ಹಾಸಕ್‌ನ ಅವಮಾನ ನಮಗೆ ಗೊತ್ತಿರುವುದು ಅವನು ಬರೆದಿಟ್ಟದ್ದರಿಂದ. ನಿಮ್ಮಲ್ಲಿ ಪತ್ರಿಕೆ ನಡೆಸುವವರು, ಪಾಠ ಹೇಳುವವರು ಇದ್ದರೆ ಅವನ ಬಗ್ಗೆ ಕನ್ನಡದಲ್ಲಿ ಬರೆಯಿರಿ. ನನ್ನ ಕೈಲಾದ ಸಹಾಯ ಮಾಡುತ್ತೇನೆ.

ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ. 16ಕ್ಕೆ ಹತ್ತಿರದ ಶನಿವಾರ ಇನ್ವರ್ನೆಸ್‌ನ ಗೇಲಿಕ್ ಸೊಸೈಟಿ ಬಯಲಿನಲ್ಲಿ ಸ್ಮರಣೆ ಇಟ್ಟುಕೊಳ್ಳುತ್ತದೆ. ಗೇಲಿಕ್‌ನಲ್ಲಿ ಪ್ರಾರ್ಥನೆ, ಹೂವಿನ ಹಾರ, ಪೈಪ್. ಗಾಳಿ ಜೋರಾಗಿರುತ್ತದೆ, ದಪ್ಪನೆಯ ಕೋಟು ತನ್ನಿ. ಅದು ಮುಗಿದ ಮೇಲೆ ಮನೆಗೆ ಬಂದು ಊಟ ಮಾಡಿ. ಮಾರನೆಯ ದಿನ ಲಾಕ್ ನೆಸ್ ದಡದ ರಸ್ತೆಯಲ್ಲೇ ಎರಡು ಗಂಟೆ ಹೋದರೆ ಬ್ಯಾಲಹೂಲಿಷ್. ಸರೋವರವನ್ನೂ ನೋಡಿದ ಹಾಗಾಯ್ತು. ಸೇತುವೆ ದಾಟಿ ಕಾರು ನಿಲ್ಲಿಸಿ ಆ ದಿಬ್ಬ ಹತ್ತೋಣ. ಮೆಟ್ಟಿಲು ಸ್ವಲ್ಪವೇ ಇದೆ, ವಯಸ್ಸಾದವರೂ ನಿಧಾನವಾಗಿ ಬರಬಹುದು.

ಪ್ರೀತಿಯಿಂದ,
ಇನ್ವರ್ನೆಸ್‌ನಲ್ಲಿರುವ ನಿಮ್ಮ ಮಂಡ್ಯದವನು